ಚಲುವಯ್ಯ ಹಾಕಿದ ಗಂಟು

ಹಲಸೂರಿನ ಈ ಸಣ್ಣ ಹಾಲಿಗೆ ಬಂದಿರೋ ಹಿರಿಯರಿಗೆ, ನಮ್ಮ ಹ್ಯಾಮ್ ರೇಡಿಯೊ ಕ್ಲಬ್ಬಿನ ಗೆಳೆಯರಿಗೆ, ಮುಂದೆ ಕೂತಿರೋ ಚಲುವಯ್ಯನವರ ಹೆಂಡತಿ ಮುನಿಲಕ್ಷ್ಮಮ್ಮನವರಿಗೆ, ಮಗಳು ಪ್ರಿಯಾಗೆ ನಮಸ್ಕಾರ. ನಾನು ಬಷೀರ್, ಕ್ಲಬ್ಬಿನ ಕಾರ್ಯದರ್ಶಿ. ಚಲುವಯ್ಯನವರ ಜೊತೆ ಇಪ್ಪತ್ತು ವರ್ಷ ಶಿವಾಜಿನಗರದಲ್ಲಿ ರೇಡಿಯೊ ರಿಪೇರಿ ಮಾಡ್ದೋನು.

ಇಲ್ಲೀವರೆಗೂ ಮಾತಾಡಿದವರೆಲ್ಲ "ಸರಳ ಜೀವಿ", "ತುಂಬಲಾರದ ನಷ್ಟ" ಅಂದ್ರಿ. ಕೇಳ್ತಾ ಕೂತಿದ್ದೆ — ಮೈ ಉರೀತಿತ್ತು. ಕ್ಷಮಿಸಿ, ಇವತ್ತು ನನ್ನ ಬಾಯಲ್ಲಿ ಒಳ್ಳೆ ಮಾತು ಬರಲ್ಲ.

ಮೂರು ವರ್ಷದ ಹಿಂದೆ, 2006ರಲ್ಲಿ, ಒಂದು ಕಾಲೇಜಿನವರು ವಿದ್ಯಾರ್ಥಿಗಳು ಕಲೀಲಿ ಅಂತ ಪುಟ್ಟ ಉಪಗ್ರಹ ಮಾಡಿದ್ರು. ಪುಟ್ಟದು ಅಂದ್ರೆ — ಇಷ್ಟೇ, ಎರಡು ಅಂಗೈಲಿ ಹಿಡಿಯೋಷ್ಟು. ಅದರ ಆಂಟೆನಾ ನಮ್ಮ ಚಲುವಯ್ಯಂದು. ಬಡಗಿಗಳು ಅಳೆಯೋ ಸ್ಟೀಲ್ ಟೇಪು! ಅದನ್ನ ಪೆಟ್ಟಿಗೆ ಸುತ್ತ ಮಡಚಿ, ನೈಲಾನ್ ದಾರದಲ್ಲಿ ಒಂದು ಗಂಟು. ಮೇಲೆ ಹೋದ್ಮೇಲೆ ದಾರಕ್ಕೆ ತಾಗಿರೋ ತಂತಿ ಬಿಸಿಯಾಗಿ ದಾರ ಸುಡ್ಬೇಕು, ಟೇಪು ಟಪ್ ಅಂತ — ಹೀಗೆ — ಬಿಚ್ಕೋಬೇಕು. ಬಿಚ್ಕೊಂಡ್ರೇನೇ ಉಪಗ್ರಹದ ಸದ್ದು ಕೆಳಗೆ ಕೇಳೋದು. ಮೇಲೆ ಚಳಿ ಅಲ್ವಾ? ಅದಕ್ಕೆ ಚಾಂದ್ ಪಾಷಾ ಅವರ ಮೀನಂಗಡಿ ಐಸ್ ಪೆಟ್ಟಿಗೇಲಿಟ್ಟು ನಲವತ್ತು ಸಲ ನೋಡಿದ್ರು. ನಲವತ್ತು ಸಲಾನೂ ಬಿಚ್ಕೊಳ್ತು. "ಮನೆಗೆ ಮೀನಿನ ವಾಸನೆ ಬರುತ್ತೆ, ಮೀನು ಮಾತ್ರ ಬರಲ್ಲ" ಅಂತ ಮುನಿಲಕ್ಷ್ಮಮ್ಮ ಬೈತಿದ್ರು.

ಉಪಗ್ರಹ ಕಳಿಸೋ ಹಿಂದಿನ ವಾರ ಯಾರೋ ದೊಡ್ಡೋರು ನೋಡೋಕೆ ಬರ್ತಾರೆ ಅಂತಾಯ್ತು. ಪ್ರಾಜೆಕ್ಟಿನ ಮುಖ್ಯಸ್ಥರು ಪ್ರೊಫೆಸರ್ ಬಸವಪ್ರಭು — ಮೂರನೇ ಸಾಲಲ್ಲಿದೀರಿ, ನಮಸ್ಕಾರ ಸಾರ್ — "ಗಂಟು ನೀಟಾಗಿಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ" ಅಂದ್ರು. ಗಂಟಿನ ಮೇಲೆ ಅಂಟು ಬಳಿಸಿದ್ರು. ಅಂಟು! ಚಲುವಯ್ಯ ಚೀಟಿ ಬರೆದ್ರು: "ಸಾರ್, ಅಂಟು ತೆಗೆಸಿ. ದಾರ ಸುಟ್ರೂ ಟೇಪು ಬಿಡಲ್ಲ." ನಾನೇ ತಗೊಂಡೋಗಿ ಕೊಟ್ಟೆ. ಓದಿ, ನನ್ನ ಕೈಗೇ ವಾಪಸ್ ಕೊಟ್ರು.

ಉಪಗ್ರಹ ಮೇಲೆ ಹೋಯ್ತು. ಒಂದು ಸದ್ದೂ ಬರ್ಲಿಲ್ಲ. ಹನ್ನೊಂದು ದಿನ ಈ ಮನುಷ್ಯ ಮರ್ಫಿ ಟೌನಿನ ಮನೆ ತಾರಸಿ ಮೇಲೆ ಆಂಟೆನಾ ಹಿಡ್ಕೊಂಡು ನಿಂತಿದ್ರು, ಊಟ ಅಲ್ಲಿಗೇ ಹೋಗ್ತಿತ್ತು. ಕಾಲೇಜಲ್ಲಿ ಉಳಿದಿದ್ದ ಅದೇ ಥರದ ಇನ್ನೊಂದು ಪೆಟ್ಟಿಗೆಗೆ ಹಾಗೇ ಅಂಟು ಬಳಿದು ನೋಡಿದ್ವಿ. ದಾರ ಸುಟ್ಟೋಯ್ತು, ಟೇಪು ಅಲ್ಲಾಡ್ಲಿಲ್ಲ. ಅಷ್ಟು ಕಣ್ಣಾರೆ ನೋಡಿದ ಮೇಲೂ, ಉಪಗ್ರಹ ಯಾಕೆ ಕೆಡ್ತು ಅನ್ನೋ ವರದಿಯಲ್ಲಿ ಬಸವಪ್ರಭು ಸಾರ್ ಏನು ಬರೆದ್ರು ಗೊತ್ತಾ? "ತಂತ್ರಜ್ಞ ಚಲುವಯ್ಯನವರ ಅಜಾಗರೂಕತೆ." ಅಷ್ಟೇ, ಒಂದು ಸಾಲು. ಆಮೇಲೆ ಮಕ್ಕಳಿಗೆ ರೇಡಿಯೊ ಹೇಳ್ಕೊಡೋಕೆ ಒಂದು ಶಾಲೆಯೂ ಅವರನ್ನ ಕರೀಲಿಲ್ಲ. ಮೂರು ವರ್ಷ!

ಮೊನ್ನೆ ಮಣ್ಣು ಮಾಡಿ ಬರೋವಾಗ ಪ್ರಿಯಾ ಕೇಳಿದ್ಲು — "ಬಷೀರ್ ಮಾಮಾ, ತಪ್ಪು ಅಪ್ಪಂದೇನಾ?"

ಇಲ್ಲಮ್ಮ. ಇವತ್ತು ಎಲ್ಲರ ಮುಂದೆ ಹೇಳ್ತೀನಿ. ಆ ಚೀಟಿ ಜೇಬಲ್ಲಿಟ್ಕೊಂಡೇ ನಾನು ಆ ವರದಿಗೆ ಸಹಿ ಹಾಕಿದೆ. ಮುಂದಿನ ಪ್ರಾಜೆಕ್ಟು ಕ್ಲಬ್ಬಿಗೆ ತಪ್ಪಿ ಹೋಗ್ಬಾರ್ದು ಅಂತ. ನನ್ನ ಮೇಲೇ ನನಗೆ ಅಸಹ್ಯ ಆಗುತ್ತೆ. ಬಸವಪ್ರಭು ಸಾರ್ ಸೇರಿ ಐದು ಜನ ಸಹಿ ಹಾಕಿದ್ವಿ, ಐದೂ ಜನ ಈ ಹಾಲಲ್ಲೇ ಇದೀವಿ.

ಆ ಸಾಲು ಸುಳ್ಳು ಅಂತ ಬರೆದ ಕಾಗದ ಈ ಮೇಜಿನ ಮೇಲಿದೆ. ನನ್ನ ಸಹಿ ಆಗಿದೆ, ನಾಲ್ಕು ಜಾಗ ಖಾಲಿ ಇದೆ.

ಈಗ ಚಲುವಯ್ಯನವರಿಗೆ ಎರಡು ನಿಮಿಷ ಮೌನ. ಎಲ್ಲರೂ ಒಟ್ಟಿಗೆ ಏಳ್ಬೇಡಿ. ಸಹಿ ಹಾಕಿದವರು ಮೊದಲು ಏಳಿ — ನಾನು ನಿಂತಿದೀನಿ.

ಬಸವಪ್ರಭು ಸಾರ್ — ನೀವು ಎದ್ದ ಮೇಲೆ ಉಳಿದವರು ಏಳ್ತಾರೆ. ಕಾಯ್ತೀವಿ.