ಒದೆಯುವಾಗ ಯಾರೂ ಏಳಬಾರದು

ನಮ್ಮ ಓಹಾಯೋ ಊರಿನ ಬೇಕರಿ ಸಾಲಿನಲ್ಲಿ ನನ್ನ ಮುಂದೆ ಅಕ್ಕ-ತಮ್ಮ ನಿಂತಿದ್ದರು, ಇಬ್ಬರಿಗೂ ಅರವತ್ತು ದಾಟಿತ್ತು. ಗೋಡೆಯ ಟೀವಿಯಲ್ಲಿ ಮೂವತ್ತು ವರ್ಷ ಹಳೆಯ ಅಮೆರಿಕನ್ ಫುಟ್‌ಬಾಲ್ ನಾಕೌಟ್ ಪಂದ್ಯ. ನಮ್ಮ ತಂಡದ ಕೊನೆಯ ಒದೆತ, ಚೆಂಡು ಗೋಲು ಕಂಬದ ಹೊರಗೆ ಹೋಯಿತು.

"ಥೂ, ಹಾಳಾದೋನು!"

"ಇನ್ನೂ ಬೈತೀಯಲ್ಲೋ ವೆಂಡೆಲ್. ಅವತ್ತು ಅವನು ಓಡಿ ಬರ್ತಿದ್ದಾಗ ಮನೇಲಿ ಫೋನ್ ಬಡ್ಕೊಳ್ತಿತ್ತು, ನೆನಪಿದ್ಯಾ?"

"ಒದೆಯುವಾಗ ಯಾರೂ ಏಳಬಾರ್ದು ಅನ್ನೋದು ಅಪ್ಪನದೇ ರೂಲು ಅಲ್ವಾ?"

"ಆಸ್ಪತ್ರೆಯಿಂದ ಫೋನ್ ಮಾಡಿದ್ದೂ ಅಪ್ಪನೇ ಕಣೋ."

"ಇವ್ನು ಗೆಲ್ಲಿಸಿದ್ರೆ ಆಗಲೇ ಅಪ್ಪಂಗೆ ತಿರುಗಿ ಫೋನ್ ಮಾಡಿ ಖುಷೀಲಿ ಕೂಗಾಡ್ತಿದ್ವಿ ಅಕ್ಕ. ಇವ್ನಿಂದ ಅರ್ಧ ಗಂಟೆ ಮಂಕಾಗಿ ಕೂತ್ಬಿಟ್ವಿ."

"ಹೂಂ. ಆಮೇಲೆ ಮಾಡಿದಾಗ ನರ್ಸ್ ಎತ್ತಿದ್ಳು. ಅಷ್ಟೊತ್ತಿಗೆ ಅಪ್ಪ ಹೋಗ್ಬಿಟ್ಟಿದ್ದ."

ಅಕ್ಕ ಬ್ರೆಡ್ಡು ತಗೊಂಡು ಬಾಗಿಲು ತೆರೆದಳು. ಟೀವಿಯಲ್ಲಿ ಅದೇ ಒದೆತದ ರೀಪ್ಲೇ, ಆ ಆಟಗಾರ ಮತ್ತೆ ಓಡಿ ಬರುತ್ತಿದ್ದ.

"ಬಾರೋ, ಚಳಿ."

ತಮ್ಮ ಅಲುಗಾಡದೆ ನಿಂತ.

"ತಾಳಕ್ಕ. ಅವ್ನು ಒದೀಲಿ."

ಚೆಂಡು ಹೊರಗೆ ಹೋದಮೇಲೆಯೇ ಇಬ್ಬರೂ ಹೋದರು.