ಇಂಟರ್ವಲ್ ಆದಮೇಲೆ ಏನಾಯ್ತು

ಹಲೋ... ಹಲೋ, ಯಾರು ಮಾತಾಡ್ತಿರೋದು?... ಯಾರ ಅಮ್ಮ?... ಓ! ಅಮ್ಮಾ, ನೀವಾ! ನಮಸ್ಕಾರ, ನಮಸ್ಕಾರ. ನಿಮ್ಮ ನಂಬರ್ ನನ್ನ ಹತ್ರ ಇರ್ಲಿಲ್ಲ, ಗೊತ್ತಾಗ್ಲಿಲ್ಲ.

...

ಇಲ್ಲ ಇಲ್ಲ, ಹೇಳಿ. ಸ್ಟುಡಿಯೋದಲ್ಲಿದೀನಿ, ಡಬ್ಬಿಂಗ್ ನಡೀತಿತ್ತು. ಫೋನ್ ಬಂತಲ್ಲ, ಆಚೆ ಮೆಟ್ಟಿಲ ಹತ್ರ ಬಂದೆ. ನಿಮ್ಮ ಮಗನಾ? ಈ ಹೊತ್ತಲ್ಲಿ ಕನ್ನಡಕದ ಅಂಗಡೀಲೇ ಇರ್ತಾನೆ. ಅವನಿಗೇ ಮಾಡ್ಬಹುದಿತ್ತಲ್ಲ...

...

ನನ್ನ ಹತ್ರನೇ ಮಾತಾಡ್ಬೇಕಾ? ಹಾಂ... ಹೇಳಿ ಅಮ್ಮ.

...

ಹೌದು, ಸಿನಿಮಾ ಟಿಕೆಟ್ ಅವನೇ ಕಳ್ಸಿದ್ದು. ಉಪಾಯನೂ ಅವನದ್ದೇ. ಇಬ್ರು ಹುಡುಗ್ರು ಜೊತೇಲೇ ಬಾಳ್ತೀವಿ ಅಂತ ಹೇಳಕ್ಕೆ ಒಬ್ಬನ ಅಪ್ಪ ಅಮ್ಮನ ಮನೆಗೆ ಹೋಗೋ ಕಥೆ, ನಗೋ ಕಥೆ. ಅಪ್ಪ ಮೊದಲು ಥಿಯೇಟರಲ್ಲಿ ನಗ್ಲಿ, ಭಾನುವಾರ ನಾವಿಬ್ರು ಬಾಗಿಲಿಗೆ ಬಂದಾಗ ಆ ನಗು ಸ್ವಲ್ಪ ಉಳಿದಿರುತ್ತೆ ಅಂದ. ನಾನೂ ಹೂಂ ಅಂದೆ... ಯಜಮಾನ್ರು ನಕ್ರಾ?

...

ಹೊಟ್ಟೆ ಹಿಡ್ಕೊಂಡು ನಕ್ರಾ! ನಿಜವಾಗ್ಲೂನಾ? ಎಲ್ಲಿ, ಸೋಫಾ ಮುರಿಯುತ್ತಲ್ಲ, ಅಲ್ಲೇನಾ?... ಜೊತೆಗೆ ಬಂದ ಹುಡುಗ ಗಾಬರೀಲಿ ಆ ಅಪ್ಪನ, ಅಂದ್ರೆ ಮಾವನ ಬೂಟು ಹಾಕ್ಕೊಂಡು ಹೊರಟುಬಿಡ್ತಾನಲ್ಲ, ಅಲ್ಲೂನಾ... ಅಯ್ಯೋ, ಕೇಳೋಕೇ ಖುಷಿ ಆಗ್ತಿದೆ ಅಮ್ಮ.

...

ಆ ಮಾವನ ಪಾತ್ರ ಅಷ್ಟು ಹಿಡಿಸ್ತಾ?... 'ನನ್ನ ಹೊಸ್ತಿಲು ತುಳಿದ್ರೆ ಜೋಕೆ' ಅನ್ನೋದನ್ನ ಮನೇಲೂ ಹೇಳ್ತಿದಾರಾ? ಹಲ್ಲುಜ್ಜೋವಾಗ್ಲೂನಾ? ಗಂಟಲು ಅಂದ್ರೆ ಅದು ಅಂತ ಬೇರೆ ಅಂದ್ರಾ... ಅಮ್ಮ, ನಿಮ್ಮ ಮಗ ಹೇಳೇ ಇಲ್ವಾ? ಆ ಗಂಟಲು ನಂದೇ. ಬೇರೆ ಭಾಷೆ ಸಿನಿಮಾ ಅಲ್ವಾ ಅದು, ನಮ್ಮ ಭಾಷೇಲಿ ಆ ಮಾವನಿಗೆ ದನಿ ಕೊಟ್ಟಿರೋದು ನಾನು.

...

ಹೌದಮ್ಮ, ಸತ್ಯವಾಗ್ಲೂ. ಮುಖ ಅವರದ್ದು, ಬೈಗುಳ ನಂದು... ಹೂಂ, ನಗಿ, ನಗಿ.

...

ಏನು? ಇಂಟರ್ವಲ್‌ಗೇ ಎದ್ದು ಬಂದ್ರಾ? ಯಾಕೆ?... ಮಾವ ಇಬ್ರನ್ನೂ ಆಚೆ ದಬ್ಬಿ ಬಾಗಿಲು ಹಾಕ್ದ, ಅಲ್ಲಿಗೆ ಸರಿಹೋಯ್ತು, ಇನ್ನೇನಿದೆ ನೋಡೋಕೆ ಅಂದ್ರಾ... ಮಿಕ್ಕಿದ್ದೆಲ್ಲ ಸಿನಿಮಾದವರ ಸುಳ್ಳು ಅಂದ್ರಾ.

...

ಹಾಂ... ಹಾಂ. ಕೇಳಿಸ್ತು ಅಮ್ಮ. ಅವರು ಹಿಂಗಂದ್ಮೇಲೆ ನಾವು ಭಾನುವಾರ ಬರೋದು ಬೇಡ ಅಂತೀರಿ.

...

ಇಲ್ಲ, ಸಿಟ್ಟಲ್ಲ. ನೋವಾಯ್ತು, ಅದನ್ನ ಇಲ್ಲ ಅನ್ನಲ್ಲ. ಮನೇಲಿ ದಿನಾ ಅದೇ ಆಟ ನಮ್ದು. ನಾನು ಕುರ್ಚೀಲಿ ಕೂತು ನಿಮ್ಮ ಯಜಮಾನ್ರು ಆಗೋದು, ಅವನು ಆಚೆ ನಿಂತು ಬೆಲ್ ಒತ್ತೋದು. 'ಏನೋ, ಇವನ್ಯಾರು?' ಅಂತ ನಾನು ಗದರಿದ್ರೆ ಸಾಕು, ಅವನ ಬಾಯಿಂದ ಮಾತೇ ಹೊರಡಲ್ಲ. ಗದರೋನು ನಾನೇ ಅಂತ ಗೊತ್ತಿದ್ರೂ ಬಾಗಿಲು ಬಿಟ್ಟು ಹಿಂದೆ ಸರಿದುಬಿಡ್ತಾನೆ. ನಿನ್ನೆ ಮೊದಲ ಸಲ ತಡವರಿಸದೆ ಹೇಳ್ದ... ಏನಂತಾನಾ? 'ಅಪ್ಪಾ, ಇವನು ನನ್ನವನು' ಅಂತ. ಅಷ್ಟೇ ಅಮ್ಮ. ಅಷ್ಟು ಹೇಳೋಕೆ ಅಷ್ಟೊಂದು ಕಷ್ಟಪಟ್ಟ.

...

ಅಳಬೇಡಿ. ನೀವು ಅತ್ರೆ ನಾನು ಒಳಗೆ ಹೋಗಿ ಹೆಂಗೆ ಮಾತಾಡ್ಲಿ... ಏನು? ಅವನಿಗೆ ನಾನು ಹೇಳ್ಬೇಕಾ? ನನಗೇ ರೆಕಾರ್ಡಿಂಗ್ ಬಂತು, ನಾನೇ ಬರಲ್ಲ ಅಂದೆ ಅಂತ?

...

ಅರ್ಥ ಆಯ್ತು. ಅಪ್ಪನ ಮೇಲೆ ಸಿಟ್ಟಾದ್ರೆ ಅವನು ಮನೆ ಕಡೆ ತಲೆ ಹಾಕೋದೇ ಬಿಟ್ಬಿಡ್ತಾನೆ, ಅದರ ಬದಲು ನನ್ನ ಮೇಲೆ ಸಿಟ್ಟಾಗ್ಲಿ ಅಂತ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಸರಿ... ಆದ್ರೆ ಇಲ್ಲಿ ಕೋಲು ನಾನೇ ಅಲ್ವಾ ಅಮ್ಮ?

...

ಅಯ್ಯೋ, ನಿಮ್ಮನ್ನ ಅನ್ನಲಿಲ್ಲ. ನಿಮಗೆ ಗಂಡನೂ ಬೇಕು, ಮಗನೂ ಬೇಕು. ಬೇರೆಯವರ ತುಟಿಗೆ ಮಾತು ಕೂರಿಸೋದೇ ನನ್ನ ಕಸುಬು, ನಿಮ್ಮದೊಂದು ಸುಳ್ಳು ನನ್ನ ತುಟಿಗೆ ಕೂರಿಸ್ಕೊಳ್ತೀನಿ ಬಿಡಿ. ಹೇಳ್ತೀನಿ. ಆದ್ರೆ ಅವನು ಭಾನುವಾರಕ್ಕೆ ಅಂತ ಇಸ್ತ್ರಿ ಮಾಡಿಸಿ ತಂದ ಅಂಗಿ ಬಾಗಿಲ ಹಿಂದೆ ನೇತಾಕಿದಾನೆ, ನನ್ನದೂ ಅದರ ಪಕ್ಕದಲ್ಲೇ ಇದೆ. ಅದನ್ನ ಮಡಚಿ ಒಳಗಿಡು ಅಂತ ಹೆಂಗೆ ಹೇಳೋದು ಗೊತ್ತಾಗ್ತಿಲ್ಲ.

...

ಏನು?... ಇಂಟರ್ವಲ್ ಆದಮೇಲೆ ಏನಾಯ್ತು ಅಂತಾನಾ? ಸಿನಿಮಾದಲ್ಲಾ?... ಆಮೇಲೆ ಆ ಮಾವ ಮನೆಯೆಲ್ಲ ಸುತ್ತಿ ಸುತ್ತಿ, ತಡೆಯಕ್ಕಾಗದೆ ಬರಿಗಾಲಲ್ಲೇ ರಸ್ತೆಗೆ ಓಡ್ತಾನೆ. ಇಬ್ರೂ ಬಸ್ ಸ್ಟಾಪಿನ ಬೆಂಚಲ್ಲಿ ಕೂತಿರ್ತಾರೆ. ಏದುಸಿರು ಬಿಡ್ತಾ ನಿಂತು ಒಂದೇ ಒಂದು ಮಾತು ಹೇಳ್ತಾನೆ. ನಮಗೆ ಬರೆದುಕೊಟ್ಟಿದ್ದ ಮಾತು ಆ ನಟನ ಬಾಯಿಗೆ ಕೂರ್ತಿರ್ಲಿಲ್ಲ ಅಮ್ಮ. ತುಟಿ ಮುಚ್ಚಿ ತೆರೆದ ಕಡೆ ಪ, ಬ, ಮ, ಏನಾದ್ರೂ ಬರ್ಬೇಕು. ಅವರು ಮೂರು ಸಲ ಮುಚ್ತಾರೆ. ನಾನೇ ಹುಡುಕಿ ಕೂರಿಸ್ದೆ. ನನಗೆ ಯಾರಾದ್ರೂ ಹೇಳ್ಲಿ ಅಂತ ಆಸೆ ಇದ್ದ ಮಾತು.

...

ಈಗಾ? ಈ ಮೆಟ್ಟಿಲ ಮೇಲೆ ನಿಂತ್ಕೊಂಡಾ?... ಆ ದನೀಲೇ ಹೇಳ್ಬೇಕಾ. ಯಜಮಾನ್ರು ಇಲ್ಲ ತಾನೇ?... ಸರಿ, ಸ್ಪೀಕರ್ ಹಾಕ್ಕೊಳ್ಳಿ, ಚೆನ್ನಾಗಿ ಕೇಳ್ಸುತ್ತೆ. ಹೂಂ.

'ಬನ್ನಿ ಮಕ್ಕಳಾ... ಮನೆಗೆ ಹೋಗೋಣ.'

...

ಅಮ್ಮಾ?... ಅಮ್ಮಾ, ಇದೀರಾ?... ಬಾಗಿಲ ಸದ್ದಾಯ್ತಲ್ಲ, ಯಾರು ಬಂದ್ರು?

...

ನಮಸ್ಕಾರ ಸರ್... ಹೌದು ಸರ್, ಆ ಸಿನಿಮಾದ್ದೇ ದನಿ. ನಾನೇ... ಥ್ಯಾಂಕ್ಸ್ ಸರ್. ಅಯ್ಯೋ, ಅಷ್ಟು ದೊಡ್ಡ ಮಾತೆಲ್ಲ ಬೇಡ... ಹೂಂ, ಅಮ್ಮ ಹೇಳಿದ್ರು, ಹಲ್ಲುಜ್ಜೋವಾಗ್ಲೂ ಹೇಳ್ತೀರಂತೆ...

...

ಮನೆಗಾ? ನಾನಾ?... ಊಟಕ್ಕಾ... ಭಾನುವಾರನೇನಾ ಸರ್?

...

ಬರ್ಬೇಕು ಅಂತಾನೇ ಇದ್ದೆ ಸರ್... ಇಲ್ಲ, ಒಬ್ನೇ ಅಲ್ಲ... ಯಾರ ಜೊತೆ ಅಂದ್ರೆ... ನಿಮ್ಮ ಮಗನ ಜೊತೆ. ಹೌದು ಸರ್. ಭಾನುವಾರ ಒಬ್ಬನನ್ನ ಕರ್ಕೊಂಡು ಬರ್ತೀನಿ ಅಂದಿದ್ನಲ್ಲ ಅವನು... ಆ ಒಬ್ಬ ನಾನೇ.

...

ಸರ್?... ಕೇಳಿಸ್ತಿದೆಯಾ ಸರ್?... ಅಮ್ಮಾ?... ಹಲೋ... ಹಲೋ...