ಒಂದು ಮೊಳ ಎತ್ತರದ ಕಟ್ಟೆ

ವೇದಿಕೆಯ ಮೇಲಿರುವ ಸಂಘದ ಅಧ್ಯಕ್ಷರಾದ ಮುನಿರಾಜು ಅವರೇ, ಈ ಸಮುದಾಯ ಭವನಕ್ಕಾಗಿ ಎರಡು ವರ್ಷ ಚಪ್ಪಲಿ ಸವೆಸಿದ ಕಾರ್ಯದರ್ಶಿ ನಾಗೇಂದ್ರ ಅವರೇ, ಮುಂದಿನ ಸಾಲಿನ ಹಿರಿಯರೇ, ಊಟ ಯಾವಾಗ ಎಂದು ಹಿಂದಿನ ಸಾಲಿನಿಂದ ಇಣುಕುತ್ತಿರುವ ನನ್ನ ಮಾರೇನಹಳ್ಳಿಯ ಸಭಿಕರೇ,

ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ಪೇಟವನ್ನೂ ತೊಡಿಸಿದಿರಿ. ಪೇಟ ತುಸು ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯುತ್ತಿದೆ. ಪರವಾಗಿಲ್ಲ. ಈ ಭವನದ ಕೆಲವು ಭಾಗಗಳನ್ನು ನೋಡದೇ ಇರಲು ಅದು ಅನುಕೂಲವೇ ಆಗಿದೆ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಇಂದಿನ ವಾಸ್ತುಶಿಲ್ಪ, ಒಳಾಂಗಣ ವಿನ್ಯಾಸ ಮತ್ತು ಕಲೆಯಲ್ಲಿ ಸೃಜನಶೀಲತೆ’ ಎಂದು ಅಚ್ಚಾಗಿದೆ. ಇಷ್ಟನ್ನೂ ಹತ್ತು ನಿಮಿಷದಲ್ಲಿ ಮುಗಿಸಬೇಕಂತೆ. ಸೃಜನಶೀಲತೆಗೆ ಹೊರಗಡೆಯ ಉದಾಹರಣೆ ಯಾಕೆ ಬೇಕು? ತಲೆ ಎತ್ತಿ ನೋಡಿ. ನಾನು ಬರೆದುಕೊಟ್ಟ ನಕ್ಷೆಯಲ್ಲಿ ಈ ಚಾವಣಿ ಬರಿಯ ಬಿಳಿ. ಈಗ ಅಲ್ಲಿ ಹನ್ನೆರಡು ದಳದ ಕಮಲ, ದಳದ ಸುತ್ತ ನೇರಳೆ ಬಣ್ಣದ ಲೈಟು. ನಮ್ಮ ಮುಖಗಳೆಲ್ಲ ಬದನೆಕಾಯಿಯ ಹಾಗೆ ಕಾಣುತ್ತಿವೆ. ಪಡುವಣದ ಬಿಸಿಲು ಬೀಳದಿರಲೆಂದು ಆ ಕಡೆ ಗಾಳಿಯಾಡುವ ತೂತುತೂತಿನ ಜಾಲಿ ಇಟ್ಟಿಗೆಯ ಗೋಡೆ ಕೇಳಿದ್ದೆ. ‘ಎಲಿವೇಷನ್ ಬರಲ್ಲ ಮೇಡಂ’ ಎಂದು ಗಾಜು ಹಾಕಿಸಿದರು. ಗಾಜಿನಿಂದ ಸೆಖೆ ಬಂತು, ಸೆಖೆಗೆ ಪರದೆ ಬಂತು, ಪರದೆಯಿಂದ ಕತ್ತಲು ಬಂತು, ಕತ್ತಲಿಗೆ ಹಗಲಲ್ಲೂ ಲೈಟು ಬಂತು. ಇದು ಸೃಜನಶೀಲತೆ ಅಲ್ಲವಾದರೆ ಇನ್ಯಾವುದು?

ಮುಂಭಾಗದ ಅಂದಕ್ಕೆ ಹೇಳುವ ಈ ‘ಎಲಿವೇಷನ್’ ಎಂಬ ಪದವನ್ನು ನಾನು ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ಸುಸ್ತಾಗಿದ್ದೇನೆ. ಮೂವತ್ತು ನಲವತ್ತರ ಸೈಟಿನಲ್ಲಿ ಗಾಳಿ ಎಲ್ಲಿಂದ ಬರಬೇಕು ಎಂದು ಯಾರೂ ಕೇಳುವುದಿಲ್ಲ. ಎದುರು ಮನೆಯವರ ಹೊಟ್ಟೆ ಉರಿಯುತ್ತದೆಯೋ ಇಲ್ಲವೋ, ಅಷ್ಟು ಹೇಳಿ ಅನ್ನುತ್ತಾರೆ. ಆಮೇಲೆ ಆ ಉರಿಗೆ ಹೆದರಿ ತಾವೇ ದೃಷ್ಟಿ ಬೊಂಬೆ ತೂಗುಹಾಕುತ್ತಾರೆ!

ನಗಿ, ನಗಿ. ಮುನಿರಾಜು ಅವರೂ ನಗುತ್ತಿದ್ದಾರೆ. ಕಮಲ ಅವರದೇ ಕಲ್ಪನೆ. ಕಮಲ ಇರಲಿ ಅಧ್ಯಕ್ಷರೇ, ಗಾಜೂ ಇರಲಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದುಕೊಂಡು ನುಂಗಿಕೊಂಡೆ. ಈ ಭವನದಲ್ಲಿ ನಾನು ಹಟ ಹಿಡಿದು ಕೇಳಿದ್ದು ಒಂದೇ ಒಂದು. ಮುಂಭಾಗದಲ್ಲಿ ರಸ್ತೆಯ ಉದ್ದಕ್ಕೂ ಒಂದು ಕಟ್ಟೆ. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಕೂರುವ ಕಟ್ಟೆ. ಕನ್ನಡದವರ ಕಟ್ಟಡ, ನಕ್ಷೆಯೂ ಕನ್ನಡದಲ್ಲಿರಲಿ ಎಂಬ ಹುಮ್ಮಸ್ಸಿನಲ್ಲಿ ನನ್ನ ಕೈಯಾರೆ ಬರೆದೆ: ‘ಕಟ್ಟೆ — ಎತ್ತರ ಒಂದು ಮೊಳ’. ಅದೇ ನಾನು ಮಾಡಿದ ತಪ್ಪು.

ಕೊನೆಯ ಎರಡು ತಿಂಗಳು ‘ಫಿನಿಶಿಂಗ್ ನಾವು ನೋಡ್ಕೋತೀವಿ ಮೇಡಂ’ ಎಂದು ನನ್ನನ್ನು ಕರೆಯಲೇ ಇಲ್ಲ. ಇವತ್ತು ಬಂದು ನೋಡುತ್ತೇನೆ, ಕಟ್ಟೆಯ ಮೇಲೆ ಎಂಟು ಕುಂಡ, ಎಂಟರಲ್ಲೂ ತುಳಸಿ. ಸುತ್ತ ಎದೆಯೆತ್ತರದ ಸ್ಟೀಲ್ ಗ್ರಿಲ್ಲು, ಗ್ರಿಲ್ಲಿಗೊಂದು ಗೇಟು, ಗೇಟಿಗೊಂದು ಬೀಗ. ಮೇಲೊಂದು ಬೋರ್ಡು: ‘ಪವಿತ್ರ ಸ್ಥಳ, ಕೂರಬಾರದು’. ಕೂರುವುದಕ್ಕೆಂದೇ ಹುಟ್ಟಿದ ಕಟ್ಟೆಗೆ ಕೂರಬಾರದು ಎಂಬ ಬೋರ್ಡು! ನಾಗೇಂದ್ರ ಅವರನ್ನು ಕೇಳಿದರೆ, ಪಾಪ, ಅವರು ಖುಷಿಯಿಂದಲೇ ಹೇಳಿದರು. ‘ಅಲ್ಲ ಮೇಡಂ, ಬರೀ ಕಟ್ಟೆ ಅಂತ ಬರ್ದಿದ್ರಿ. ತುಳಸಿ ಇಲ್ದೆ ಕಟ್ಟೆ ಎಲ್ಲಿರತ್ತೆ? ನೀವು ಮರ್ತಿದೀರಿ ಅಂದ್ಕೊಂಡು ನಾವೇ ಸರಿ ಮಾಡಿದ್ವಿ.’

ಸಭಿಕರೇ, ಕನ್ನಡದಲ್ಲಿ ಅರಳಿಕಟ್ಟೆ ಇಲ್ಲವೇ? ಬಾವಿಕಟ್ಟೆ ಇಲ್ಲವೇ? ಹರಟೆಕಟ್ಟೆ ಇಲ್ಲವೇ? ಸೋಮಾರಿಕಟ್ಟೆಯಂತೂ ಊರಿಗೊಂದಿದೆ. ಇಷ್ಟೆಲ್ಲ ಕಟ್ಟೆಗಳಲ್ಲಿ ನಮ್ಮ ಸಂಘಕ್ಕೆ ನೆನಪಾಗಿದ್ದು ಮನುಷ್ಯ ಕೂರಬಾರದ ಕಟ್ಟೆ ಒಂದೇ.

ಈ ಜಾಗದಲ್ಲಿ ಮೊದಲು ಹಳೆಯ ಭಜನೆ ಮನೆ ಇತ್ತು. ಎಷ್ಟು ಜನಕ್ಕೆ ನೆನಪಿದೆ? ಅದರ ಮುಂದೆ ಚಪ್ಪಡಿ ಕಲ್ಲಿನ ಕಟ್ಟೆ. ಮಧ್ಯಾಹ್ನ ಪೋಸ್ಟ್‌ಮ್ಯಾನ್ ಕೂತು ಕಾಗದ ಜೋಡಿಸಿಕೊಳ್ಳುತ್ತಿದ್ದರು. ಬಸ್ಸು ತಪ್ಪಿದ ಗಾರ್ಮೆಂಟ್ಸ್ ಹೆಂಗಸರು ಕೂರುತ್ತಿದ್ದರು. ಕೊನೆಯ ಕಂಬದ ಪಕ್ಕ ಹೂವಿನ ಗಂಗಮ್ಮ ಕೂರುತ್ತಿದ್ದರು. ಗಂಗಲಕ್ಷ್ಮಮ್ಮ ಎಂಬ ಪೂರ್ತಿ ಹೆಸರು ನಿಮಗೆ ಗೊತ್ತಿರಲಾರದು. ಇಪ್ಪತ್ತಾರು ವರ್ಷ ಮಲ್ಲಿಗೆ, ಕನಕಾಂಬರ, ಶನಿವಾರಕ್ಕೆ ತುಳಸಿ ಮಾಲೆ. ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಮೇಲೆ ನಾಲ್ಕು ಬೆರಳು ಬಿಟ್ಟು ಕಿತ್ತುಕೊಡುತ್ತಿದ್ದರು. ಮೊಳ ಎಂಬ ಅಳತೆ ನಾನು ಕಾಲೇಜಿನಲ್ಲಿ ಕಲಿತದ್ದಲ್ಲ.

ಕಾಲೇಜಿನ ಎರಡನೆಯ ವರ್ಷ ನಮಗೆ ಹಳೆಯ ಕಟ್ಟಡವೊಂದನ್ನು ಅಳೆದು ಬರೆಯುವ ಕೆಲಸ ಬಂತು. ನನ್ನ ತಂಡದ ಹುಡುಗಿಯರು ಈ ಭಜನೆ ಮನೆಯನ್ನೇ ಆರಿಸಿಕೊಂಡರು. ಬೇಡ ಎನ್ನುವುದಕ್ಕೆ ಕಾರಣ ಕೊಡಬೇಕಲ್ಲ, ನನಗೆ ಕೊಡಲಾಗಲಿಲ್ಲ. ಟೇಪು ಹಿಡಿದು ಕಟ್ಟೆ ಅಳೆಯುತ್ತಾ ಕೊನೆಯ ಕಂಬದ ಹತ್ತಿರ ಬಂದೆ. ಗಂಗಮ್ಮ ನನ್ನ ಮುಖ ನೋಡಿದರು, ನನ್ನ ಗೆಳತಿಯರ ಮುಖ ನೋಡಿದರು. ಬುಟ್ಟಿ ಎತ್ತಿಕೊಂಡು ಎದ್ದು ನಿಂತು, ‘ಅಳೀರಮ್ಮ, ಅಳೀರಿ’ ಅಂದರು.

ಹೆತ್ತ ಮಗಳಿಗೆ ಬಹುವಚನ.

ಹೌದು. ಹೂವಿನ ಗಂಗಮ್ಮ ನಮ್ಮಮ್ಮ. ನನಗೆ ಮಾಲಾ ಎಂದು ಹೆಸರಿಟ್ಟವಳು ಇನ್ನೇನು ಮಾರುತ್ತಿದ್ದಾಳು? ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಈ ಚೀಟಿಯಲ್ಲಿ ಇರುವುದು ಜಾಲಿ ಇಟ್ಟಿಗೆ ಮತ್ತು ಮಳೆ ನೀರಿನ ಕೊಯ್ಲು. ಬಾಯಿಗೆ ಬಂದುಬಿಟ್ಟಿತು, ಹೇಳಿಯೇ ಮುಗಿಸುತ್ತೇನೆ. ನಕ್ಷೆ ನೋಡಿದ ನಮ್ಮ ಮೇಷ್ಟ್ರು ಕೊನೆಯ ಕಂಬದ ಮೇಲೆ ಪೆನ್ಸಿಲ್ ಇಟ್ಟು, ‘ಇಲ್ಲಿ ಕಲ್ಲು ಸವೆದಿದೆ ಅಂತ ತೋರಿಸಿದ್ದೀಯಲ್ಲ, ಯಾರು ಕೂರ್ತಾರಮ್ಮ ಇಲ್ಲಿ?’ ಎಂದು ಕೇಳಿದರು. ‘ಯಾರೂ ಇಲ್ಲ ಸಾರ್’ ಅಂದೆ. ನನಗೆ ಒಳ್ಳೆಯ ಅಂಕ ಬಂತು. ಕಟ್ಟೆ ಅಳೆದ ದಿನ ಮನೆಗೆ ಬಂದರೆ ಅಮ್ಮ ಆ ವಿಷಯವನ್ನೇ ಎತ್ತಲಿಲ್ಲ, ಊಟಕ್ಕೆ ಬಡಿಸಿದಳು. ಇವತ್ತಿನವರೆಗೂ ಎತ್ತಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದ್ದರಿಂದಲೇ ಈ ಭವನದ ಕೆಲಸ ನನ್ನ ಕೈಗೆ ಬಂದಾಗ ಎಲ್ಲಕ್ಕಿಂತ ಮೊದಲು ಕಟ್ಟೆಯ ಗೆರೆ ಎಳೆದೆ. ಎತ್ತರ ಒಂದು ಮೊಳ. ಯಾರ ಮೊಳ ಎಂದು ಈಗ ನಿಮಗೆ ಗೊತ್ತಾಯಿತು.

ಇವತ್ತು ಅವಳನ್ನು ಕರೆದುಕೊಂಡು ಬಂದೆ. ಎಪ್ಪತ್ತನಾಲ್ಕು ವರ್ಷ, ಮಂಡಿನೋವು. ಬೆಳಗಿನ ಪೂಜೆಗೆ ತೆಗೆದ ಗೇಟು ಹಾಗೇ ಇತ್ತು, ಒಳಗೆ ಹೋಗಿ ಎರಡು ಕುಂಡಗಳ ನಡುವೆ ಕೂತಳು. ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ವಾಚ್‌ಮನ್ ಅಮೀನಪ್ಪ ಎಬ್ಬಿಸಿ, ಬೀಗ ಹಾಕಿ, ಬೀಗದ ಕೈಯನ್ನು ಅಧ್ಯಕ್ಷರಿಗೆ ಒಪ್ಪಿಸಿದ್ದರು. ಅಮೀನಪ್ಪನವರನ್ನು ಯಾರೂ ಬೈಯಬೇಡಿ. ಬೋರ್ಡು ಓದಿಕೊಂಡು ಕೆಲಸ ಮಾಡಿದವರು ಈ ಭವನದಲ್ಲಿ ಅವರೊಬ್ಬರೇ. ನಾನು ಕೂಗಾಡಿದೆ. ಕಾರ್ಯಕ್ರಮ ಇಪ್ಪತ್ತು ನಿಮಿಷ ತಡವಾಗಿದ್ದು ಅದಕ್ಕೇ, ಮೈಕಿನ ತೊಂದರೆಯಿಂದ ಅಲ್ಲ.

ಈಗ ಅವಳು ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಪೇಂಟಿನ ಡಬ್ಬ ಬೋರಲು ಹಾಕಿಕೊಂಡು ಕೂತಿದ್ದಾಳೆ. ಒಳಗೆ ಬಾ ಎಂದು ಬೇಡಿಕೊಂಡೆ. ‘ನಾನು ಬಂದಿದ್ದು ಕಟ್ಟೆ ನೋಡಕ್ಕೆ ಕಣೇ. ಕುರ್ಚಿ ಮನೇಲೂ ಐತೆ. ನೀನು ಹೋಗು, ಜನ ಕಾಯ್ತಾವ್ರೆ’ ಅಂದಳು. ಏಕವಚನದಲ್ಲೇ ಅಂದಳು, ಅಷ್ಟೇ ನನ್ನ ಸಮಾಧಾನ.

ತುಳಸಿಯನ್ನು ಕೀಳಿ ಎಂದು ನಾನು ಹೇಳುವುದಿಲ್ಲ. ಕುಂಡಗಳ ನಡುವೆ ಜಾಗ ಇದೆ. ಆದರೆ ಮನುಷ್ಯರು ಪಕ್ಕದಲ್ಲಿ ಕೂತರೆ ತುಳಸಿಗೆ ಮೈಲಿಗೆಯೇ? ಈ ಬಡಾವಣೆಯ ದೇವರುಗಳಿಗೆಲ್ಲ ಇಪ್ಪತ್ತಾರು ವರ್ಷ ತುಳಸಿ ಕಟ್ಟಿದ ಕೈಗೆ, ತುಳಸಿ ಪಕ್ಕದಲ್ಲಿ ಒಂದು ಮೊಳ ಜಾಗ ಇಲ್ಲವೇ?

ಅಧ್ಯಕ್ಷರೇ, ನನಗೆಂದು ಹೊರತೆಗೆದ ಆ ನೆನಪಿನ ಕಾಣಿಕೆಯನ್ನು ಮತ್ತೆ ಡಬ್ಬಿಗೆ ಹಾಕಿ. ಬೋರ್ಡು, ಗ್ರಿಲ್ಲುಗಳ ವಿಷಯ ನಾಳೆ ಸಭೆ ಕರೆದು ಜಗಳ ಆಡೋಣ, ನಾನು ಬರುತ್ತೇನೆ. ಇವತ್ತಿಗೆ ನನಗೆ ಆ ಬೀಗದ ಕೈ ಕೊಡಿ, ಸಾಕು. ನಮ್ಮ ಮೇಷ್ಟ್ರು ಈಗಿಲ್ಲ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮ್ಮೆಲ್ಲರ ಎದುರು ಕೊಡುತ್ತಿದ್ದೇನೆ: ಅಲ್ಲಿ ನಮ್ಮಮ್ಮ ಕೂರ್ತಾರೆ ಸಾರ್.

ಮುನಿರಾಜು ಅವರು ಜೇಬಿಗೆ ಕೈ ಹಾಕಿದ್ದಾರೆ. ಅವರಿಗೆ, ನಾಗೇಂದ್ರ ಅವರಿಗೆ, ಊಟ ತಡವಾದರೂ ಕೇಳಿಸಿಕೊಂಡ ನಿಮಗೆ ನನ್ನ ವಂದನೆಗಳು. ಈ ಶಾಲನ್ನು ಹಾಗೇ ತೆಗೆದುಕೊಂಡು ಹೋಗುತ್ತೇನೆ. ಕಟ್ಟೆಯ ಗ್ರಾನೈಟು ತಣ್ಣಗಿರುತ್ತದೆ, ಅವಳಿಗೆ ಹಾಸುವುದಕ್ಕೆ ಬೇಕು. ನಮಸ್ಕಾರ.